ಕನಕಮ್ಮನ ತೋಟದ ಮಣ್ಣು

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ಬಂಡಿದಾರಿಯ ಬದಿಗೆ, ಗುಡ್ಡದ ಬುಡದಲ್ಲಿ, ಕನಕಮ್ಮನ ಮಾವಿನ ತೋಟವಿತ್ತು. ತೋಟವೆಂದರೆ ಹನ್ನೊಂದು ಗಿಡ. ಗಂಡ ಅಂಬಪ್ಪ ನೆಟ್ಟವು. ನೆಟ್ಟ ಕೆಲವೇ ವರ್ಷಕ್ಕೆ ಅವನು ಜ್ವರ ಬಂದು ತೀರಿಕೊಂಡ. ಅದು ಮಸಾರಿ ನೆಲ, ಗೇಣು ಅಗೆದರೆ ಬರೀ ಗರಸು ಕಲ್ಲು. ಬಿದ್ದ ಮಳೆ ಅಲ್ಲಿ ನಿಲ್ಲುತ್ತಿರಲಿಲ್ಲ. ಗಿಡಗಳು ಮೊಣಕೈ ದಪ್ಪ ಬೆಳೆದು ಅಲ್ಲಿಗೇ ನಿಂತುಬಿಟ್ಟಿದ್ದವು. ಕಡಿದು ಕಟ್ಟಿಗೆ ಮಾಡಿಕೋ, ಸಜ್ಜೆಯನ್ನಾದರೂ ಬಿತ್ತಬಹುದು ಎಂದು ಊರವರು ಹೇಳಿದರು. ಕನಕಮ್ಮ ಕೊಡಲಿ ಮುಟ್ಟಲಿಲ್ಲ. ಬೇಸಿಗೆಯಲ್ಲಿ ಊರ ಕೆರೆ ಬತ್ತಿದಾಗ ಪುಟ್ಟಿ ಹಿಡಿದು ಹೂಳು ಹೊರಲು ಹೋದಳು.

ಅವಳ ಜೊತೆ ಹೋದವಳು ಗಾಳೆಮ್ಮ. ಇಬ್ಬರ ತವರೂ ಜವಳಗೇರಾ. ಒಂದೇ ಹಂದರದಲ್ಲಿ ಮದುವೆಯಾಗಿ ಒಂದೇ ಬಂಡಿಯಲ್ಲಿ ಕೂತು ಈ ಊರಿಗೆ ಬಂದವರು. ಇಬ್ಬರಿಗೂ ಮುಯ್ಯಿ ಇತ್ತು: ಒಂದು ಬೇಸಿಗೆ ಇಬ್ಬರೂ ಸೇರಿ ಕನಕಮ್ಮನ ತೋಟಕ್ಕೆ ಹೂಳು ಹೊತ್ತರೆ, ಮುಂದಿನ ಬೇಸಿಗೆ ಗಾಳೆಮ್ಮನ ಇಳಿಜಾರಿನ ಹೊಲಕ್ಕೆ.

ಕನಕಮ್ಮ ತಂದ ಮಣ್ಣನ್ನು ಬೊಡ್ಡೆಗೆ ಸುರಿಯುತ್ತಿರಲಿಲ್ಲ. ನಡು ಮಧ್ಯಾಹ್ನ ಗಿಡದ ನೆರಳಿನ ಅಂಚು ಎಲ್ಲಿ ಬೀಳುತ್ತದೋ ಅಲ್ಲಿ ಸುತ್ತಲೂ ಹರಡುತ್ತಿದ್ದಳು. ಉಣ್ಣುವ ಬೇರು ಅಲ್ಲಿರುತ್ತದೆ ಎಂದು ಅಂಬಪ್ಪ ಹೇಳಿದ್ದ. ಉದುರಿದ ಎಲೆಗೆ ಬೆಂಕಿ ಇಡದೆ ಮಣ್ಣಿನಡಿ ಕೊಳೆಯಲು ಬಿಟ್ಟಳು. ಸಾಲಿನ ನಡುವೆ ಹುರುಳಿ ಚೆಲ್ಲಿ, ಹೂ ಬರುವ ಮೊದಲೇ ಮಣ್ಣಿಗೆ ಮಗುಚಿ ಹಾಕಿದಳು. ಮಳೆಗಾಲಕ್ಕೆ ಮುಂಚೆ ಕುರಿಯವರನ್ನು ಕಾಡಿಬೇಡಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿಕೊಂಡಳು. ಇದು ಒಂದೆರಡು ವರ್ಷದ ಮಾತಲ್ಲ. ಮಗಳು ಯಮನಮ್ಮ ತೊಟ್ಟಿಲಿನಿಂದ ಎದ್ದು ಮದುವೆಯಾಗಿ ಹೋಗುವವರೆಗೂ ನಡೆಯಿತು. ಕೊನೆಗೆ ಆ ಗರಸು ನೆಲದ ಮೇಲೆ ಮೊಣಕಾಲುದ್ದ ಕರಿ ಮಣ್ಣು ಕೂತಿತು. ಹಿಡಿ ಎತ್ತಿ ಒತ್ತಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಬಿಡಿಬಿಡಿಯಾಗುವ ಮಣ್ಣು. ಗಿಡಗಳು ಮೈದುಂಬಿ ಬೆಳೆದವು.

ಗಾಳೆಮ್ಮನ ಹೊಲ ಮಾತ್ರ ಹಾಗೇ ಉಳಿಯಿತು. ಅವಳ ಗಂಡ ಲಾಲಪ್ಪ ಒಡ್ಡು ಹಾಕುವ ಮನುಷ್ಯನಲ್ಲ. ಹೆಂಗಸರು ಹೊತ್ತು ಹಾಕಿದ ಹೂಳು ಮೊದಲ ದೊಡ್ಡ ಮಳೆಗೇ ಹಳ್ಳಕ್ಕೆ ಹೋಗುತ್ತಿತ್ತು. "ಹೋಗ್ಲಿ ಬಿಡು ಗಾಳೆ, ಮತ್ತ ತರೂಣು" ಎಂದು ಕನಕಮ್ಮ ಪ್ರತಿ ಸಲವೂ ಹೇಳುತ್ತಿದ್ದಳು. ಗಾಳೆಮ್ಮ ಖಾಲಿ ಪುಟ್ಟಿ ಎತ್ತಿಕೊಂಡು ಮನೆಗೆ ನಡೆಯುತ್ತಿದ್ದಳು.

ಒಂದು ವರ್ಷ ದಸರೆ ಮುಗಿಯುತ್ತಲೇ, ಮಗಳನ್ನು ಕೊಟ್ಟ ವಳಕಮದಿನ್ನಿಯಿಂದ ಸುದ್ದಿ ಬಂತು: ಯಮನಮ್ಮ ಹಡೆದಿದ್ದಾಳೆ, ಬಾಣಂತಿಗೆ ಸನ್ನಿ ಹಿಡಿದಿದೆ. ಕನಕಮ್ಮ ಉಟ್ಟ ಸೀರೆಯಲ್ಲೇ ಹೊರಟಳು. ಹೋಗುವಾಗ ಗಾಳೆಮ್ಮನ ಬಾಗಿಲಲ್ಲಿ ನಿಂತು, "ತೋಟ ನಿನ್ನ ಉಡ್ಯಾಗ ಹಾಕೀನಿ. ದನ ನುಗ್ಗದಂಗ ನೋಡ್ಕೊ" ಎಂದಳು.

"ನೀ ಚಿಂತಿ ಬಿಡು. ಹುಡುಗಿನ ನೋಡ್ಕೊ ಹೋಗು" ಎಂದು ಗಾಳೆಮ್ಮ ಅವಳ ಉಡಿಗೆ ರೊಟ್ಟಿ ಕಟ್ಟಿ ಕಳಿಸಿದಳು.

ಮಗಳು ಚೇತರಿಸಿಕೊಳ್ಳಲು ಚಳಿಗಾಲವೆಲ್ಲ ಬೇಕಾಯಿತು. ಹೋಳಿ ಕಳೆದ ಮೇಲೆ ಕನಕಮ್ಮ ಊರಿಗೆ ಬಂದಳು. ಮನೆಗೂ ಹೋಗದೆ ನೇರ ತೋಟಕ್ಕೆ ನಡೆದಳು. ನೆಲದ ತುಂಬ ಮಿಡಿ ಉದುರಿತ್ತು. ಮಂಗಗಳ ಕೆಲಸ ಎಂದುಕೊಂಡಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲು ಬೇರಿಗೆ ಎಡವಿತು. ಆ ತೋಟದಲ್ಲಿ ಬೇರು ಕಾಲಿಗೆ ಸಿಗುತ್ತಿರಲಿಲ್ಲ. ಆಗ ಬಗ್ಗಿ ನೋಡಿದಳು. ಕರಿ ಮಣ್ಣು ಇರಲಿಲ್ಲ. ಕೆಂಪು ಗರಸು ಮೇಲೆದ್ದಿತ್ತು. ಗಿಡಗಳ ಸುತ್ತ ಗುದ್ದಲಿಯ ಗುರುತಿತ್ತು, ಕತ್ತರಿಸಿದ ಸಣ್ಣ ಬೇರಿನ ತುದಿಗಳು ಬಿಸಿಲಿಗೆ ಒಣಗಿ ಸುರುಟಿದ್ದವು. ಬೇಲಿ ನೆಟ್ಟಗಿತ್ತು. ಒಂದು ಟೊಂಗೆಯೂ ಮುರಿದಿರಲಿಲ್ಲ.

ಬಂಡಿ ಹೊಡೆಯುವ ಖಾಜಾಸಾಬ್ ದಾರಿಯಲ್ಲಿ ಹೋಗುತ್ತಿದ್ದವನು ಅವಳನ್ನು ಕಂಡು ಎತ್ತು ನಿಲ್ಲಿಸಿದ. ಅವಳ ಮುಖ ನೋಡಿ ಕೆಳಗಿಳಿದು ಬಂದ.

"ಯಾರು ಒಯ್ದ್ರು, ಖಾಜಾಸಾಬ್?"

"ಯಾರು ಅಂದ್ರ? ನೀವ ಹೇಳೀರಂತಲ್ಲ ಅಕ್ಕಾ. ಕನಕಿ ಒಯ್ಯಾಕ ಹೇಳ್ಯಾಳ ಅಂತ ಗಾಳೆಮ್ಮ ಅಂದ್ಲು. ನಾನ ಬಂಡಿ ಹೊಡದೀನಿ." ಅವನು ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡ. "ಅಲ್ಲಾನ ಆಣಿ, ನಂಗ ಗೊತ್ತಿರ್ಲಿಲ್ಲ."

ಗಾಳೆಮ್ಮ ತನ್ನ ಹೊಲದಲ್ಲೇ ಇದ್ದಳು. ಹೊಲದ ಕೆಳ ಅಂಚಿಗೆ ಸೊಂಟದೆತ್ತರ ಹೊಸ ಕಲ್ಲಿನ ಒಡ್ಡು ಎದ್ದಿತ್ತು. ಒಡ್ಡಿನ ಒಳಗೆ ಕರಿ ಮಣ್ಣು ಸಮನಾಗಿ ಹರಡಿತ್ತು. ಕನಕಮ್ಮ ಬಂದದ್ದನ್ನು ಕಂಡು ಅವಳು ಎದ್ದು ನಿಂತಳು, ಓಡಲಿಲ್ಲ.

"ಯಮನಿ ಹೆಂಗದಾಳ?" ಎಂದು ಕೇಳಿದಳು.

"ಗಾಳೆ, ಇದೇನು ಮಾಡಿದಿ?"

"ನನ್ನ ಪಾಲು ತಂದೀನಿ."

"ನಿನ್ನ ಪಾಲಾ?"

"ಆ ಮಣ್ಣು ನಾನೂ ಹೊತ್ತೀನಿ ಕನಕಿ. ನನ್ನ ನೆತ್ತಿಮ್ಯಾಲಿನ ಕೂದಲಾ ಹೋಗ್ಯಾವ ನೋಡು. ನಿಂದು ತೋಟ ಆತು, ನಂದು ಹಳ್ಳದ ಪಾಲಾತು. ಒಂದ್ಸಲನಾದ್ರೂ, ಈ ವರ್ಷನೂ ನಿನ್ನ ಹೊಲಕ್ಕ ಹೊರೂಣು ಅಂದಿಯೇನು? ಗಂಡ ಹಾಕದ ಒಡ್ಡು ಈಗ ನಾನ ಹಾಕೀನಿ. ನಾನು ಗಿಡ ಮುಟ್ಟಿಲ್ಲ. ಹಣ್ಣು ಮುಟ್ಟಿಲ್ಲ."

"ಹಣ್ಣು ಒಯ್ದಿದ್ರ ನಗತಿದ್ದೆ ನಾ," ಎಂದಳು ಕನಕಮ್ಮ. ಅವಳ ದನಿ ಏರಲಿಲ್ಲ. "ಕೇಳಿದ್ರ ಇಬ್ರೂ ಸೇರಿ ಒಡ್ಡು ಹಾಕತಿದ್ವಿ. ನನ್ನ ಮಗಳು ಸಾಯಾಕತ್ತಾಗ ನೀ ಗುದ್ದಲಿ ಹಿಡದಿ."

ಗಾಳೆಮ್ಮ ಬಗ್ಗಿ ಒಡ್ಡಿನ ಬದಿಯ ಮಣ್ಣು ಸಮ ಮಾಡತೊಡಗಿದಳು. ಆ ದಿನಕ್ಕೆ ಅವರ ಮಾತು ಮುಗಿಯಿತು.

ಕನಕಮ್ಮ ಗೌಡರ ಕಟ್ಟೆಗೆ ಹೋಗಿ ಫಿರ್ಯಾದಿ ಕೊಟ್ಟಳು. ಗೌಡರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿಸಿಕೊಂಡರು. "ಗಿಡ ಕಡದಿದ್ರ ಜುಲ್ಮಾನೆ ಹಾಕಬಹುದಿತ್ತು. ಹದ್ದು ಒತ್ತಿದ್ರ ಲಿಂಗಸುಗೂರಿಗೆ ಬರದು ಕಳಸಬಹುದಿತ್ತು. ಮಣ್ಣು ಕದ್ದಾಳ ಅಂದ್ರ ಕಚೇರ್ಯಾಗ ನನ್ನ ನೋಡಿ ನಗತಾರವ್ವ. ಕೆರಿ ಸರಕಾರದ್ದು, ಮಣ್ಣೂ ಸರಕಾರದ್ದು." ಕಟ್ಟೆಯ ಮೇಲಿದ್ದವರು ಆಗಲೇ ನಗುತ್ತಿದ್ದರು.

ಆ ಬೇಸಿಗೆ ಅವಳು ಒಬ್ಬಳೇ ಕೆರೆಗೆ ಇಳಿದಳು. ತುಂಬಿದ ಪುಟ್ಟಿಯನ್ನು ತಲೆಗೇರಿಸಲು ಎದುರು ಒಬ್ಬರು ನಿಂತು ಕೈ ಕೊಡಬೇಕು. ಮೊದಲ ದಿನವೇ ಗಾಳೆಮ್ಮ ಕೆರೆಯಂಗಳಕ್ಕೆ ಬಂದಳು. ಬರಿಗೈಯಲ್ಲಿ ಬಂದು ಎದುರು ನಿಂತು ಪುಟ್ಟಿಯ ಅಂಚು ಹಿಡಿದಳು. ಕನಕಮ್ಮ ಅವಳ ಮುಖ ನೋಡಲಿಲ್ಲ. ಪುಟ್ಟಿಯನ್ನು ಓರೆ ಮಾಡಿ ಅರ್ಧ ಮಣ್ಣು ನೆಲಕ್ಕೆ ಸುರಿದು, ಉಳಿದದ್ದನ್ನು ತಾನೇ ಎತ್ತಿಕೊಂಡು ನಡೆದಳು. ಮಳೆ ಬರುವವರೆಗೂ ಅರ್ಧ ಪುಟ್ಟಿಯನ್ನೇ ಹೊತ್ತಳು. ತೆರೆದ ಬೇರುಗಳನ್ನು ಮೊದಲು ಮುಚ್ಚಿದಳು. ಮಣ್ಣು ಸಾಲದ ಕಡೆ ಎಲೆ, ಸಗಣಿ, ಹೊಟ್ಟು ಹಾಕಿದಳು. ಖಾಜಾಸಾಬ್ ಕೆಲವೊಮ್ಮೆ ಹೇಳದೆ ಕೇಳದೆ ಒಂದು ಬಂಡಿ ಹೂಳು ಬೇಲಿಯ ಬಳಿ ಇಳಿಸಿ ಹೋಗುತ್ತಿದ್ದ. ಆದರೂ ನಾಲ್ಕು ಗಿಡ ತುದಿಯಿಂದ ಒಣಗುತ್ತ ಬಂದು ಸತ್ತವು. ಕಡಿಯುವ ದಿನ ಅವಳು ಯಾರನ್ನೂ ಕರೆಯಲಿಲ್ಲ.

ಆ ವರ್ಷ ಗಾಳೆಮ್ಮನ ಹೊಲದಲ್ಲಿ ಊರೇ ನೋಡುವಂಥ ಜೋಳ ಬಂತು. ಎಳ್ಳ ಅಮಾಸೆಗೆ ಹೊಲದಲ್ಲಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಊಟಕ್ಕೆ ಕೂರುವಾಗ ನೆರೆಯವರನ್ನೆಲ್ಲ ಕರೆಯುವುದು ರೂಢಿ. ಗಾಳೆಮ್ಮ ತಾನೇ ಬಂದು ಬಾಗಿಲಲ್ಲಿ ನಿಂತು ಕರೆದಳು. ಕನಕಮ್ಮ ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವಳು ಬಂದಳು. ಊಟಕ್ಕೆ ಕೂತವರನ್ನು ದಾಟಿ ಬೆಳೆಯ ಒಳಗೆ ಹೋದಳು. ಆಳೆತ್ತರದ ದಂಟಿನ ಬುಡದಲ್ಲಿ ಕೂತು ಮಣ್ಣು ಕೆದರಿದಳು. ಅದರಲ್ಲಿ ಇನ್ನೂ ಪೂರ್ತಿ ಕರಗದ ಮಾವಿನೆಲೆಯ ನಡುನರಗಳಿದ್ದವು. ಅವನ್ನು ಬೆರಳಲ್ಲಿ ಆರಿಸಿ ನೋಡಿ, ಮತ್ತೆ ಮಣ್ಣಿಗೇ ಬಿಟ್ಟು ಹೊರಗೆ ಬಂದಳು.

ಗಾಳೆಮ್ಮ ಎಡೆ ಹಿಡಿದು ನಿಂತಿದ್ದಳು. "ಒಂದು ತುತ್ತು ಉಣ್ಣು, ಕನಕಿ."

"ಬೆಳಿ ಚಲೋ ಬಂದೈತಿ," ಎಂದು ಕನಕಮ್ಮ ಕೈ ಕೊಡವಿಕೊಂಡು ದಾರಿ ಹಿಡಿದಳು.

ಉಳಿದ ಏಳು ಗಿಡ ಮೂರು ವರ್ಷ ಬರಿದಾಗಿದ್ದು ಆಮೇಲೆ ಕಾಯಿ ಹಿಡಿದವು. ಗಾಳೆಮ್ಮನ ಹೊಲವೂ ಬೆಳೆಯುತ್ತಲೇ ಇತ್ತು. ಒಡ್ಡು ಗಟ್ಟಿಯಾಗಿತ್ತು, ಮಣ್ಣು ಎಲ್ಲಿಗೂ ಹೋಗಲಿಲ್ಲ. ಕನಕಮ್ಮ ಮುಂದೆ ಯಾರ ಮುಯ್ಯಿಗೂ ಹೋಗಲಿಲ್ಲ, ಯಾರನ್ನೂ ಕರೆಯಲಿಲ್ಲ. ಮಗಳ ಮನೆಗೆ ಹೋದರೂ ಹೊತ್ತು ಮುಳುಗುವ ಮೊದಲು ತಿರುಗಿ ಬರುತ್ತಿದ್ದಳು. ಒಂದು ದಿನವಾದರೂ ಇದ್ದು ಹೋಗು ಎಂದು ಯಮನಮ್ಮ ಸೆರಗು ಹಿಡಿದರೆ, "ತೋಟಕ್ಕ ಯಾರಿಲ್ಲವ್ವ" ಎನ್ನುತ್ತಿದ್ದಳು.