ಪದ್ಮಾವತಿ ಅಕ್ಕೋರ ಪದಕೋಶ ಮತ್ತು ಜಾಗ ತಪ್ಪಿದ ‘ಳ’

೨೦೦೭ರಲ್ಲಿ ನಾನು ಗೋಕಾಕದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಕಲ್ಲೋಳಿಯ ನಿವೃತ್ತ ಶಿಕ್ಷಕಿ ಪದ್ಮಾವತಿ ಅಕ್ಕೋರು ಪರಿಚಯವಾದದ್ದು ಆಗಲೇ. ಹೊಲಗೆಲಸದ ಹೆಂಗಸರ ಬಾಯಿಂದ ಕೇಳಿದ ಮಾತುಗಳನ್ನೆಲ್ಲ ಕೂಡಿಸಿ ಅವರು ಪದಕೋಶ ಮಾಡುತ್ತಿದ್ದರು. ಗ್ಲಾಕೋಮಾದಿಂದ ದೃಷ್ಟಿ ಕುಗ್ಗುತ್ತಿತ್ತು. “ಕಣ್ಣ ಇರೂದ್ರಾಗ ಪುಸ್ತಕ ನೋಡಬೇಕ್ರಿ ಸರ” ಎಂದಿದ್ದರು.

ಅವರ ಮನೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ಟೈಪ್ ಮಾಡಲು ದೊಡ್ಡ ಅಕ್ಷರದ ಎಡಿಟರ್ ಹಾಕಿಕೊಟ್ಟೆ. ಅದರೊಳಗೆ ಒಂದು ಕೀ ಒತ್ತಿದರೆ ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಸಣ್ಣ ಪ್ರೋಗ್ರಾಂ ಬರೆದೆ. ಕಂಪ್ಯೂಟರಿನ ಲೆಕ್ಕದಲ್ಲಿ ‘ಳ’ ಬರುವುದು ‘ಲ’ದ ಬೆನ್ನಿಗೇ, ನಮ್ಮ ವರ್ಣಮಾಲೆಯಲ್ಲಿ ಕೊನೆಗೆ. ಆದ್ದರಿಂದ ಸರಿಯಾದ ಕ್ರಮವನ್ನು ಬೇರೊಂದು ಫೈಲಿನಲ್ಲಿಟ್ಟು, ಅದು ಎಲ್ಲಿದೆ ಎಂಬುದನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಬರೆದೆ. ಪ್ರೋಗ್ರಾಂ ಶುರುವಾಗುವಾಗ ಅದರ ಕೈಗೆ ಸಿಗುವ ಚೀಟಿಯಂಥದ್ದು ಅದು.

ತಿಂಗಳೊಳಗೆ ಅಕ್ಕೋರ ಫೋನ್ ಬಂತು. “ಸರ, ‘ಬಳಿ’ ಅನ್ನೂದು ‘ಬಸರಿ’ಗಿಂತ ಮೊದ್ಲ ಬರಾಕತ್ತೈತಿ.”

ಹೋಗಿ, ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿ ತೆರೆದು ಅದರಲ್ಲಿ ಅದೇ ಪ್ರೋಗ್ರಾಂ ಓಡಿಸಿದೆ. ಎಲ್ಲ ಸರಿಯಿತ್ತು. “ನೀವು ಬ್ಯಾರೆ ಕೀ ಒತ್ತಿರಬೇಕ್ರಿ” ಎಂದೆ.

“ಇರಬಹುದ್ರಿ, ಕಣ್ಣ ಸರಿ ಕಾಣೂದಿಲ್ಲ” ಎಂದರು. ಮತ್ತೆ ಫೋನ್ ಮಾಡಲಿಲ್ಲ.

ಐದು ತಿಂಗಳ ನಂತರ ಹೋದಾಗ, ಪರದೆಗೆ ಮೂಗು ತಾಗಿಸಿ ಒಂದೊಂದೇ ಪದವನ್ನು ಕೈಯಿಂದ ಸರಿಸುತ್ತಿದ್ದರು. ಹೊಸ ಪದ ಸೇರಿಸಿ ಕೀ ಒತ್ತಿದಾಗಲೆಲ್ಲ ‘ಳ’ದ ಪದಗಳು ಚದುರುತ್ತಿದ್ದವು, ಮತ್ತೆ ಮೊದಲಿನಿಂದ. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಅವರು ಸರಿಯಾದ ಕೀಯನ್ನೇ ಒತ್ತಿದರು. ಕ್ರಮ ತಪ್ಪಿತು.

ಎಡಿಟರಿನ ಒಳಗಿಂದಲೇ ವೇರಿಯಬಲ್‌ಗಳ ಪಟ್ಟಿ ತೆಗೆದೆ. ನನ್ನದು ಅದರಲ್ಲಿ ಇರಲೇ ಇಲ್ಲ. ನಾನು ಅದನ್ನು ಬರೆದಿಟ್ಟ ಫೈಲನ್ನು ಟರ್ಮಿನಲ್ ಮಾತ್ರ ಓದುತ್ತದೆ. ಐಕಾನ್ ಒತ್ತಿ ತೆರೆದ ಎಡಿಟರ್ ಓದುವುದಿಲ್ಲ. ಕ್ರಮದ ಫೈಲು ಸಿಗದಿದ್ದರೆ ನನ್ನ ಪ್ರೋಗ್ರಾಂ ದೂರು ಹೇಳದೆ ಕಂಪ್ಯೂಟರಿನ ಕ್ರಮವನ್ನೇ ಹಿಡಿಯುತ್ತಿತ್ತು. ಎಡಿಟರಿಗೂ ಆ ಚೀಟಿ ಸಿಗುವಂತೆ ಒಂದು ಸಾಲು ಬರೆದೆ, ಸರಿಯಾಯಿತು.

“ಹಂಗಾರ ತಪ್ಪು ನಂದಲ್ಲೇನ್ರಿ?”

“ಅಲ್ರಿ ಅಕ್ಕೋರ. ನಂದು.”

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. “ದಿನಾ ನನಗ ನಾನ ಬೈಕೊಂತಿದ್ನಿರಿ” ಎಂದರು.

ಪುಸ್ತಕ ಮರುವರ್ಷ ಬಂತು. ಅಷ್ಟರಲ್ಲಿ ಅವರಿಗೆ ಬೆಳಕು, ಕತ್ತಲೆ ಮಾತ್ರ ತಿಳಿಯುತ್ತಿತ್ತು. ಪುಟದ ಮೇಲೆ ಕೈಯಾಡಿಸಿ, “ಒಂದ ಪದ ಓದ್ರಿ” ಎಂದರು. ಓದಿದೆ. ಮುಂದಿನ ಪದವನ್ನು ಅವರೇ ಹೇಳಿದರು. ಅದರ ಮುಂದಿನದನ್ನೂ.

ಅವರ ಕಣ್ಣಿಗೆ ಉಳಿದಿದ್ದ ಕಾಲದಲ್ಲಿ ಐದು ತಿಂಗಳನ್ನು ನನ್ನ ಒಂದು ಮಾತು ತಿಂದುಹಾಕಿತು. ಅಂದಿನಿಂದ ಯಾರಾದರೂ ತೊಂದರೆ ಹೇಳಿದರೆ, ನಾನು ಟರ್ಮಿನಲ್ ತೆರೆಯುವ ಮೊದಲು ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಳ್ಳುತ್ತೇನೆ.