ಪುಕ್ಕಟೆ ಮೂವತ್ತೈದು

ನನಗೆ ಎಡಗಿವಿ ಕೇಳುವುದಿಲ್ಲ. ಬಲಗಿವಿ ತನಗೆ ಮನಸ್ಸು ಬಂದಾಗ ಕೇಳುತ್ತದೆ. ಚಿಕ್ಕವಳಿದ್ದಾಗ ಎರಡೂ ಸೋರುತ್ತಿದ್ದವು. ಮನೆಯವರು ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆ ಬಿಟ್ಟರು, ಊರವರು ತಮತಮಗೆ ತಿಳಿದದ್ದನ್ನೆಲ್ಲ ಬಿಟ್ಟರು. ಕೊನೆಗೆ ಅಪ್ಪ ನನ್ನನ್ನು ಬಸವಕಲ್ಯಾಣದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದಾಗ, ಅವರು ಒಳಗೆ ಬ್ಯಾಟರಿ ಬಿಟ್ಟು ನೋಡಿ, ಇನ್ನು ಮೇಲೆ ಏನನ್ನೂ ಬಿಡಬೇಡಿ ಎಂದಷ್ಟೇ ಹೇಳಿದರು. ಅಷ್ಟರಲ್ಲಿ ನಾನು ಎದುರಿನವರ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತುಬಿಟ್ಟಿದ್ದೆ. ಯಾರೂ ಕಲಿಸಲಿಲ್ಲ, ಬೇರೆ ದಾರಿಯೂ ಇರಲಿಲ್ಲ.

ಘಾಟಬೋರಾಳದಲ್ಲಿ ಏಳನೆಯದು ಮುಗಿದ ಮೇಲೆ ಅಪ್ಪ ನನ್ನನ್ನು ಮಾಣಿಕನಗರದಲ್ಲಿದ್ದ ತನ್ನ ತಂಗಿಯ ಮನೆಯಲ್ಲಿ ಬಿಟ್ಟು, ಹುಮನಾಬಾದಿನ ಒಂದು ಹೈಸ್ಕೂಲಿಗೆ ಸೇರಿಸಿದ. ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಮ್ಮ ಕಡೆ ಹೊಲ ಇದ್ದವರೂ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಕಳಿಸುವುದು ಒಂದು ಷರತ್ತಿನ ಮೇಲೆ. ಪಾಸಾಗುವ ತನಕ ಓದು, ನಾಪಾಸಾದ ದಿನ ಮನೆಗೆ ಬಾ. ನಾಪಾಸಾಗಿ ಮತ್ತೆ ಶಾಲೆಗೆ ಹೋದ ಹುಡುಗಿಯನ್ನು ನಮ್ಮ ಊರಿನಲ್ಲಿ ನಾನು ಕಂಡಿರಲಿಲ್ಲ.

ಸೇರಿಸುವ ದಿನ ಅಪ್ಪ ಹೆಡ್‌ಮಾಸ್ತರರಿಗೆ ನನ್ನ ಕಿವಿಯ ಕಥೆ ಹೇಳಿದ. ಅವರು ಬಹಳ ಒಳ್ಳೆಯವರು. ಅಲ್ಲೇ ಮಾಸ್ತರರನ್ನೆಲ್ಲ ಕರೆಸಿ, "ಈ ಹುಡಗಿಗಿ ಯಾರೂ ತ್ರಾಸ ಕೊಡಬ್ಯಾಡ್ರಿ" ಎಂದರು. ಅವರ ತುಟಿಯ ಮೇಲೆ ಆ ಮಾತನ್ನು ಓದಿ ನನಗೆ ಕಣ್ಣು ತುಂಬಿ ಬಂತು. ಅದೇ ವರ್ಷ ಅವರಿಗೆ ವರ್ಗವಾಯಿತು. ಹುಕುಂ ಮಾತ್ರ ಉಳಿದುಕೊಂಡಿತು.

ತ್ರಾಸ ಕೊಡಬಾರದು ಎಂಬುದಕ್ಕೆ ಮಾಸ್ತರರು ತಮಗೆ ತಿಳಿದ ಹಾಗೆ ಅರ್ಥ ಮಾಡಿಕೊಂಡರು. ನನಗೆ ಪ್ರಶ್ನೆ ಕೇಳುತ್ತಿರಲಿಲ್ಲ, ಎದ್ದು ನಿಂತು ಓದಲು ಹೇಳುತ್ತಿರಲಿಲ್ಲ, ಮನೆಪಾಠ ತರದಿದ್ದರೆ ಛಡಿ ಎತ್ತುತ್ತಿರಲಿಲ್ಲ. ಅದಕ್ಕೆ ಸೇರಿಸಿ ಒಂದು ಕುರ್ಚಿ ಕೊಟ್ಟರು. ಮಾಸ್ತರರ ಮೇಜಿನ ಪಕ್ಕದಲ್ಲಿ, ಇಡೀ ಕ್ಲಾಸಿಗೆ ಎದುರಾಗಿ. ಅಲ್ಲಿ ಕೂತರೆ ಅವರ ತುಟಿ ಹತ್ತಿರ ಕಾಣುತ್ತದೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ಅವರು ಬೋರ್ಡಿನ ಕಡೆ ತಿರುಗದೆ ಇದ್ದಿದ್ದರೆ. ಗಣಿತದ ಮಾಸ್ತರರು ದಿನಾ ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದರು, ಬಾಯಿ ತುಂಬ ಪಾನ್ ಹಾಕಿಕೊಂಡೇ ಇಳಿಯುತ್ತಿದ್ದರು. ಆ ತುಟಿಗಳ ಮೇಲೆ ಬೀಜಗಣಿತವೂ ಒಂದೇ, ರೇಖಾಗಣಿತವೂ ಒಂದೇ.

ಮಾಸ್ತರರ ತುಟಿ ಕಾಣದಿದ್ದರೂ ಎದುರಿಗೆ ಕೂತ ಮಕ್ಕಳ ತುಟಿಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು. ಯಾರು ಯಾರನ್ನು ಬೈಯುತ್ತಾರೆ, ಯಾರು ಯಾರ ಪೆನ್ನು ಕದ್ದಿದ್ದಾರೆ, ಎಲ್ಲ ನನಗೆ ಗೊತ್ತಾಗುತ್ತಿತ್ತು. ಉರ್ದುವಿನಲ್ಲಿ ಬೈದರೂ ಮರಾಠಿಯಲ್ಲಿ ಬೈದರೂ ಕನ್ನಡದಲ್ಲಿ ಬೈದರೂ ಬೈಗುಳಕ್ಕೆ ಬಾಯಿ ಸುಮಾರಾಗಿ ಒಂದೇ ನಮೂನೆ ತೆರೆಯುತ್ತದೆ. ನಾನು ಯಾರ ಬಗ್ಗೆಯೂ ಚಾಡಿ ಹೇಳಲಿಲ್ಲ. ಆದರೆ ಮಾಸ್ತರರ ಪಕ್ಕದಲ್ಲಿ ಕೂತವಳನ್ನು ಯಾರು ನಂಬುತ್ತಾರೆ? ಊಟದ ಬಿಡುವಿನಲ್ಲಿ ನನ್ನ ಡಬ್ಬಿಯನ್ನು ನಾನೊಬ್ಬಳೇ ಬಿಚ್ಚುತ್ತಿದ್ದೆ.

ಎಂಟನೆಯ ತರಗತಿಯಲ್ಲಿ ಪಾಸಾದೆ. ಎಲ್ಲ ವಿಷಯಗಳಲ್ಲೂ ಮೂವತ್ತೈದು. ಕನ್ನಡದಲ್ಲಿ ಮೂವತ್ತೈದು, ಗಣಿತದಲ್ಲಿ ಮೂವತ್ತೈದು, ಚಿತ್ರಕಲೆಯಲ್ಲೂ ಮೂವತ್ತೈದು. ಅಪ್ಪನಿಗೆ ಹೆಮ್ಮೆ. "ನಮ್ಮ ಹುಡಗಿ ಒಂದರಾಗ ಹೆಚ್ಚಿಲ್ಲ, ಒಂದರಾಗ ಕಮ್ಮಿಲ್ಲ, ಎಲ್ಲಾದ್ರಾಗೂ ಒಂದೇ ಸಮ ಅದ" ಎಂದು ಊರಲ್ಲಿ ಹೇಳಿಕೊಂಡು ಬಂದ. ನನಗೂ ಅದರಲ್ಲಿ ಅನುಮಾನ ಪಡುವಂಥದ್ದು ಏನೂ ಕಾಣಲಿಲ್ಲ. ತೂಕದ ಬುದ್ಧಿ ಎಂದುಕೊಂಡೆ.

ಒಂಬತ್ತನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ನನಗೆ ಮಲೇರಿಯಾ ಜ್ವರ ಬಂದು, ವಿಜ್ಞಾನದ ಪರೀಕ್ಷೆಯ ದಿನ ಅತ್ತೆಯ ಮನೆಯಲ್ಲಿ ಕೌದಿ ಹೊದ್ದು ಮಲಗಿದ್ದೆ. ಶಾಲೆ ಮತ್ತೆ ಶುರುವಾದಾಗ ವಿಜ್ಞಾನದ ಮಾಸ್ತರರು ಒಬ್ಬೊಬ್ಬರ ಹೆಸರು ಕರೆದು ಅಂಕ ಹೇಳುತ್ತಿದ್ದರು. ನನ್ನ ಕಡೆ ತಿರುಗಿ ಹೇಳಿದರು: ಮೂವತ್ತೈದು.

"ಸರ್, ನಾ ಪರೀಕ್ಷಾ ಬರದೇ ಇಲ್ಲರಿ" ಎಂದೆ.

ಅವರು ಪ್ರೀತಿಯಿಂದ ಕೈ ಆಡಿಸಿ, ಕೂಡು ಎಂದರು. ಎದುರಿಗೆ ಕೂತವರೆಲ್ಲ ನಗುತ್ತಿದ್ದರು. ಅವರ ತುಟಿಗಳಲ್ಲಿ ನಾನು ಓದಿದ್ದು ಇಷ್ಟೇ: ಇವಳಿಗೆ ಇನ್ನೂ ಗೊತ್ತಿಲ್ಲ. ಇಡೀ ಶಾಲೆಗೆ ಗೊತ್ತಿದ್ದದ್ದು ನನಗೆ ಮಾತ್ರ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಯಿತು, ಆ ಕೆಲಸವನ್ನು ಎರಡೂ ಸರಿಯಾಗಿ ಮಾಡಿದವು. ಆಮೇಲೆ ಸಿಟ್ಟು ಬಂತು. ಹಾಗಾದರೆ ನಾನು ರಾತ್ರಿ ಕೂತು ಓದಿ ಬರೆದ ಕನ್ನಡದ ಪತ್ರಿಕೆಯನ್ನೂ ಯಾರೂ ಬಿಚ್ಚಿ ನೋಡಿರಲಿಲ್ಲ.

ಹೊಸ ಹೆಡ್‌ಮಾಸ್ತರರ ಹತ್ತಿರ ಹೋದೆ. ನನ್ನ ಪತ್ರಿಕೆಗಳನ್ನು ಎಲ್ಲರ ಪತ್ರಿಕೆಯ ಹಾಗೆಯೇ ತಿದ್ದಬೇಕು ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಏನ್ ತಂಗಿ, ನಿನಗ ಇಲ್ಲಿ ಯಾರರ ತಕಲೀಫ್ ಕೊಟ್ಟಾರೇನು?"

"ಇಲ್ಲರಿ."

"ಮತ್ತ?"

"ಅದಕ್ಕೇ ಬಂದೀನ್ರಿ."

ಅವರಿಗೆ ಇದು ಹೊಸ ತರಹದ ದೂರು. ಹಿಂದಿನವರು ಕೊಟ್ಟ ಸವಲತ್ತನ್ನು ತಾನು ಹೇಗೆ ಕಿತ್ತುಕೊಳ್ಳಲಿ, ಕಿವುಡಿಯ ಮೇಲೆ ಕರುಣೆಯಿಲ್ಲ ಎಂದು ಊರು ಅನ್ನುವುದಿಲ್ಲವೇ ಎಂದರು. ಆಮೇಲೆ ನಿಜವಾದ ಮಾತಿಗೆ ಬಂದರು. ಹತ್ತನೆಯದರ ಪರೀಕ್ಷೆಯನ್ನು ಬೇರೆ ಊರಿನವರು ತಿದ್ದುತ್ತಾರೆ, ಅವರಿಗೆ ನನ್ನ ಕಿವಿ ಗೊತ್ತಿಲ್ಲ. ಆದ್ದರಿಂದ ಹತ್ತನೆಯದಕ್ಕೆ ಏರಿಸಿ, ಪರೀಕ್ಷೆಗೆ ಕೂಡಿಸದೆ, ಒಳ್ಳೆಯ ನಡತೆಯವಳು ಎಂದು ಬರೆದು ಶಾಲೆ ಬಿಟ್ಟ ಸರ್ಟಿಫಿಕೇಟು ಕೊಡುವುದು ಎಂದು ಮಾಸ್ತರರೆಲ್ಲ ಆಗಲೇ ಮಾತಾಡಿಕೊಂಡಿದ್ದರಂತೆ. ನನಗೆ ಅವಮಾನವಾಗದಿರಲಿ ಎಂದು.

"ಪರೀಕ್ಷಾಕ್ಕ ಕೂಡ್ತೀನ್ರಿ" ಎಂದೆ. "ಪುಕ್ಕಟೆ ಮಾರ್ಕ್ಸ್ ಬ್ಯಾಡ್ರಿ. ಸರ್‌ಗೋಳು ನನ್ನ ಕಡಿ ಮಾರಿ ಮಾಡಿ ಪಾಠ ಹೇಳಲಿ, ಅಷ್ಟ ಸಾಕು. ಬೋರ್ಡಿಗಿ ಹೇಳಿದ್ರ ನನಗ ತಿಳಿಯಂಗಿಲ್ಲರಿ."

"ಒಂದ್ ಸವಲತ್ ಬ್ಯಾಡಂತಿ, ಮತ್ತೊಂದ್ ಕೇಳಾಕತ್ತೀ ಅಲ್ಲ?"

"ಹೌದ್ರಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ನಾಪಾಸಾದರೆ ನಾಪಾಸೇ, ಆಮೇಲೆ ಅಪ್ಪನನ್ನು ಕರೆತಂದು ಅಳಬಾರದು ಎಂದರು. ಒಪ್ಪಿದೆ. ಬಾಗಿಲು ದಾಟಿದ ಮೇಲೆ ಊರಿನ ಷರತ್ತು ನೆನಪಾಯಿತು. ಕೈಯಲ್ಲಿದ್ದ ಪಾಸನ್ನು ನಾನೇ ತಿರುಗಿ ಕೊಟ್ಟು ಬಂದಿದ್ದೆ.

ಕುರ್ಚಿ ಹೋಯಿತು. ಮುಂದಿನ ಬೆಂಚಿನಲ್ಲಿ ನನಗೆ ಜಾಗ ಮಾಡಿದರು, ಪಕ್ಕದಲ್ಲಿದ್ದ ಹುಡುಗಿ ಒಂದು ವಾರ ಬಾಯಿ ಮುಚ್ಚಿಕೊಂಡೇ ಕೂತಳು. ಮಾಸ್ತರರು ನೆನಪಾದಾಗ ತಿರುಗಿ ಹೇಳುತ್ತಿದ್ದರು, ಮರೆತಾಗ ನಾನು ಕೈ ಎತ್ತುತ್ತಿದ್ದೆ. ಗಣಿತದ ಮಾಸ್ತರರು ಕಿಟಕಿಯ ಹತ್ತಿರ ಹೋಗಿ ಪಾನ್ ಉಗುಳಿ ಬಂದು ಪಾಠ ಶುರು ಮಾಡುತ್ತಿದ್ದರು. ಅದು ಅವರಿಗೆ ದೊಡ್ಡ ತ್ಯಾಗ, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂದು ದಿನ ಸೀದಾ ನನ್ನನ್ನೇ ಎಬ್ಬಿಸಿ ಪ್ರಶ್ನೆ ಕೇಳಿದರು. ತಪ್ಪು ಹೇಳಿದೆ. ಕೈ ಚಾಚು ಎಂದರು. ಅವರ ಛಡಿ ಚುರುಕಾಗಿತ್ತು, ಇದರಲ್ಲಿ ಸುಖಪಡುವಂಥದ್ದು ಏನೂ ಇರಲಿಲ್ಲ.

ಒಂದೂವರೆ ವರ್ಷ ಕೇಳದೇ ಹೋದ ಪಾಠ ನಾಲ್ಕು ತಿಂಗಳಲ್ಲಿ ತುಂಬಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಕನ್ನಡದಲ್ಲಿ ಐವತ್ತೆಂಟು, ಗಣಿತದಲ್ಲಿ ಒಂಬತ್ತು. ನಾಪಾಸು.

ಮರುದಿನ ಅಪ್ಪ ಊರಿನಿಂದ ಬಂದ. ಅತ್ತೆ ಚಹಾ ಕೊಟ್ಟಳು. ಅವನು ಕಪ್ಪನ್ನು ಕೈಯಲ್ಲೇ ಹಿಡಿದು ನನ್ನ ಬಲಗಿವಿಗೆ ಬಾಗಿ ಕೂಗಿದ. "ಯಾರ್ ನಾಪಾಸ್ ಮಾಡ್ಯಾರ್ ಹೇಳು, ಹೋಗಿ ಕೇಳ್ತೀನಿ!"

"ಯಾರೂ ಮಾಡಿಲ್ಲಪ್ಪಾ. ನಾನೇ ಆಗೀನಿ." ಆಮೇಲೆ ಎಲ್ಲವನ್ನೂ ಹೇಳಿದೆ. ಅವನು ಊರೆಲ್ಲ ಹೇಳಿಕೊಂಡು ಬಂದ ಒಂದೇ ಸಮದ ಅಂಕಗಳು ಪುಕ್ಕಟೆ ಕೊಟ್ಟವು ಎಂಬುದನ್ನೂ ಹೇಳಿದೆ. ಅದನ್ನು ಹೇಳುವಾಗ ಅವನ ಮುಖ ನೋಡುವುದು ಬಹಳ ಕಷ್ಟವಾಯಿತು. ನೋಡದಿದ್ದರೆ ಅವನು ಏನು ಹೇಳುತ್ತಾನೋ ತಿಳಿಯುತ್ತಿರಲಿಲ್ಲ, ಆದ್ದರಿಂದ ನೋಡಿದೆ.

"ಗಣಿತದಾಗ ಎಷ್ಟು?"

"ಒಂಬತ್ತು."

"ಅದು ನಿಂದೇ?"

"ನಂದೇ."

ಚಹಾ ಆರಿತ್ತು. ಅಪ್ಪ ಅದನ್ನು ಒಂದೇ ಗುಟುಕಿಗೆ ಕುಡಿದು, ಅತ್ತೆಯ ಕಡೆ ತಿರುಗಿ ಏನೋ ಹೇಳಿದ. ಬೆನ್ನು ಮಾತ್ರ ಕಂಡಿತು. ನನ್ನ ಗಂಟುಮೂಟೆ ಕಟ್ಟಲು ಹೇಳಿದನೆಂದೇ ಅಂದುಕೊಂಡೆ.

"ಅಪ್ಪಾ, ನನ್ನ ಕಡಿ ತಿರುಗಿ ಹೇಳು" ಎಂದೆ. ಮನೆಯವರ ಮುಂದೆ ನಾನು ಹಾಗೆ ಕೇಳಿದ್ದು ಅದೇ ಮೊದಲು.

ಅವನು ಕೂತಲ್ಲೇ ಪೂರಾ ತಿರುಗಿದ. ಕೂಗಲಿಲ್ಲ. ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಹುಡಗಿ ಮತ್ತೊಂದ್ ವರ್ಷ ಅದೇ ಕ್ಲಾಸಿನಾಗ ಕೂಡ್ತದ, ನಿನ್ನ ಮನ್ಯಾಗೇ ಇಟ್ಕೋ ಅಂದೆ."