ತಿಥಿ ಕಾರ್ಡಿನ ಡೌನ್‌ಲೋಡ್ ಬಟನ್

ಮೂರು ವರ್ಷದ ಹಿಂದೆ ನಾನು ಚನ್ನರಾಯಪಟ್ಟಣದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ವೆಬ್ ಡೆವಲಪರ್ ಆಗಿದ್ದೆ. ಮದುವೆ, ಗೃಹಪ್ರವೇಶ, ತಿಥಿ, ಯಾವ ಕಾರ್ಡನ್ನಾದರೂ ಜನ ಮೊಬೈಲಿನಲ್ಲೇ ಮಾಡಿಕೊಳ್ಳಲೆಂದು ಒಂದು ವೆಬ್ ಆ್ಯಪ್ ಕಟ್ಟಿದ್ದೆ. ಹೆಸರು, ಫೋಟೊ ಹಾಕಿದರೆ ಫೋನಿನ ಬ್ರೌಸರೇ ಕಾರ್ಡಿನ ಫೈಲ್ ತಯಾರಿಸುತ್ತಿತ್ತು. ನಮ್ಮ ಸರ್ವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಜನರ ಮನೆಯ ವಿಷಯ ನಮಗೇಕೆ ಎಂಬುದು ನನ್ನ ವಾದ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತೆನ್ನಿ.

ಒಂದು ಬೆಳಿಗ್ಗೆ ಬಾಗೂರಿನಿಂದ ಸಿದ್ದೇಗೌಡರು ಎಂಬುವರು ಫೋನ್ ಮಾಡಿದರು.

"ಕಾರ್ಡು ಫೋನಲ್ಲಿ ಕಾಣ್ತದೆ ಕಣವ್ವ. ಡೌನ್‌ಲೋಡ್ ಒತ್ತುದ್ರೆ ಏನೂ ಆಗಕಿಲ್ಲ. ತಿಥಿ ನಾಡಿದ್ದು, ನೆಂಟ್ರಿಗೆ ಕಳಿಸ್ಬೇಕು."

ಕಾರಣ ತಕ್ಷಣ ಹೊಳೆಯಿತು. ಯಾರೋ ಮೆಸೇಜಿನಲ್ಲಿ ಕಳಿಸಿದ್ದ ನಮ್ಮ ಲಿಂಕನ್ನು ಅವರು ಅಲ್ಲೇ ತೆರೆದಿದ್ದರು. ಮೆಸೇಜ್ ಆ್ಯಪಿನೊಳಗಿನ ಬ್ರೌಸರ್ ಕಾರ್ಡನ್ನು ತೋರಿಸುತ್ತದೆ, ಫೋನಿಗೆ ಇಳಿಸಿಕೊಡುವುದಿಲ್ಲ. ಪುಟ ಮುಚ್ಚಿದರೆ ಬರೆದದ್ದೆಲ್ಲ ಅಳಿಸಿಹೋಗುತ್ತಿತ್ತು.

"ಏನೂ ಒತ್ತಬೇಡಿ ಯಜಮಾನ್ರೆ, ಹಾಗೇ ಸ್ಕ್ರೀನ್‌ಶಾಟ್..." ಎನ್ನುವಷ್ಟರಲ್ಲಿ, "ಅಯ್ಯೋ, ಓಯ್ತು" ಎಂದರು. ಬ್ಯಾಕ್ ಒತ್ತಿಬಿಟ್ಟಿದ್ದರು.

"ಪರವಾಗಿಲ್ಲ, ಪ್ರೆಸ್ಸಿಗೆ ಬಂದುಬಿಡಿ, ಐದು ನಿಮಿಷದ ಕೆಲಸ" ಎಂದೆ.



"ಅಲ್ಲಿಗೆ ಬಂದ್ರೆ ಬಾಯ್ಬುಟ್ಟು ಏಳ್ಬೇಕಲ್ಲವ್ವ. ಅದ್ಕೇ ನಾನೇ ಕೂತು ಒಂದೊಂದೇ ಅಕ್ಷರ ಒತ್ತಿದ್ದು. ಮಗಳದು ಕಣವ್ವ."

ಮತ್ತೆ ಟೈಪ್ ಮಾಡಿ ಎನ್ನಲು ಬಾಯಿ ಬರಲಿಲ್ಲ. ನೀವು ಹೇಳುತ್ತಾ ಹೋಗಿ, ನಾನು ಬರೆದುಕೊಳ್ಳುತ್ತೇನೆ ಎಂದೆ. ಬೇರೆ ದಾರಿಯೂ ಇರಲಿಲ್ಲ. ಯಾವುದನ್ನು ಬಾಯಲ್ಲಿ ಹೇಳಬಾರದೆಂದು ಆ ಮನುಷ್ಯ ಅಷ್ಟು ಕಷ್ಟಪಟ್ಟಿದ್ದರೋ ಅದನ್ನೇ ನಾನು ಹೇಳಿಸುತ್ತಿದ್ದೆ. ಹೆಸರು ಹೇಳಿದರು, ರಮ್ಯಾ. ತೀರಿಕೊಂಡ ದಿನ ಹೇಳಿದರು. ವಯಸ್ಸು ಕೇಳಿದೆ. "ಇಪ್ಪತ್ತು..." ಎಂದವರು ಅಲ್ಲೇ ನಿಂತುಬಿಟ್ಟರು. ಆಮೇಲೆ ಅಳುವುದಷ್ಟೇ ಕೇಳಿಸಿತು. ನಾನೂ ಕೀಬೋರ್ಡಿನ ಮುಂದೆ ಕೂತು ಅತ್ತೆ.

ಆಮೇಲೆ ಅವರು ಫೋಟೊ ಕಳಿಸಿದರು, ಕಾಲೇಜಿನ ಐಡಿ ಕಾರ್ಡಿನದು. ವಯಸ್ಸಿನ ಸಾಲನ್ನೇ ತೆಗೆದು, ಕಾರ್ಡು ಮಾಡಿ ಅವರ ಫೋನಿಗೆ ಕಳಿಸಿದೆ.

ಮರುದಿನವೇ ಆ್ಯಪ್ ಬದಲಿಸಿದೆ. ಈಗ ಬರೆದದ್ದು ಬರೆದವರ ಫೋನಿನಲ್ಲೇ ಉಳಿಯುತ್ತದೆ. ಪುಟ ಮುಚ್ಚಿ ತೆರೆದರೂ ಅಲ್ಲೇ ಇರುತ್ತದೆ. ಲಿಂಕನ್ನು ಮೆಸೇಜಿನೊಳಗೇ ತೆರೆದರೆ, ಬರೆಯುವ ಮೊದಲೇ ಫೋನಿನ ಬ್ರೌಸರಿನಲ್ಲಿ ತೆರೆಯಿರಿ ಎಂದು ಹೇಳುತ್ತದೆ. ಫೈಲ್ ತಯಾರಾದರೆ ನಮ್ಮ ಕೆಲಸ ಮುಗಿಯಿತು ಎಂದುಕೊಂಡಿದ್ದವಳು ನಾನು. ಅದು ಕೇಳಿದವರ ಕೈ ಸೇರುವವರೆಗೂ ಮುಗಿಯುವುದಿಲ್ಲವೆಂದು ಕಲಿಸಿದ್ದು ಸಿದ್ದೇಗೌಡರು.

ಅಂದು ಕಾರ್ಡು ತಲುಪಿದ ಮೇಲೆ ಅವರು ಮತ್ತೆ ಫೋನ್ ಮಾಡಿದ್ದರು.

"ಬಂತು ಕಣವ್ವ. ಎಲ್ರಿಗೂ ಇದ್ನೇ ಕಳಿಸ್ಬುಡ್ತೀನಿ. ಇನ್ನೊಂದ್ಸಲ ಏಳಕ್ಕೆ ನನ್ ಕೈಲಾಗಕಿಲ್ಲ."